ಪರ 48, ವಿರುದ್ಧ 52: ಅಮೆರಿಕದ ಸೆನೆಟ್‌ನಲ್ಲಿ ಆ ದಿನ ನಿಯಮ ಬದಲಾದ ಬಗೆ

ಓದುಗರ ಪ್ರಶ್ನೆ: ಅಮೆರಿಕದ ಸೆನೆಟ್‌ನ 2013ರ ನವೆಂಬರ್ 21ರ ಮತದಾನದ ದಾಖಲೆ ನೋಡಿದೆ. ಪರ 48, ವಿರುದ್ಧ 52 ಎಂದಿದೆ. ಆದರೂ ಅಧ್ಯಕ್ಷರು ನೇಮಿಸುವವರಿಗೆ 60 ಮತ ಬೇಕೆಂಬ ನಿಯಮ ಅಂದೇ ಬಿದ್ದುಹೋಯಿತು ಎಂದು ಎಲ್ಲೆಡೆ ಬರೆದಿದ್ದಾರೆ. ಸೆನೆಟ್ ನಿಯಮ ತಿದ್ದಲು ಮೂರರಲ್ಲಿ ಎರಡು ಪಾಲು ಬೇಕೆಂದೂ ಓದಿದ್ದೇನೆ. ಹಾಗಿದ್ದರೆ ಇದು ಹೇಗೆ ಸಾಧ್ಯವಾಯಿತು? 2025ರಲ್ಲಿ ಭಾರತಕ್ಕೆ ಬರುವ ರಾಯಭಾರಿಯೂ ಸೇರಿ 107 ಜನರಿಗೆ ಒಂದೇ ಮತದಲ್ಲಿ ಒಪ್ಪಿಗೆ ಸಿಕ್ಕಿತಲ್ಲ, ಅದೂ ಇದೇ ದಾರಿಯೇ? ನಾಳೆ ಇನ್ನೊಂದು ಪಕ್ಷ ಬಂದರೆ ಇದನ್ನೆಲ್ಲ ಹಿಂದಕ್ಕೆ ತಿರುಗಿಸಬಹುದೇ?

ಉತ್ತರ: ದಾಖಲೆಯನ್ನು ನೀವು ಸರಿಯಾಗಿಯೇ ಓದಿದ್ದೀರಿ. ಗೊಂದಲದ ಮೂಲ ಅಂಕಿಗಳಲ್ಲಿಲ್ಲ, ಸದನದ ಮುಂದಿಟ್ಟ ಪ್ರಶ್ನೆಯಲ್ಲಿದೆ. ಅಂದು ಸೆನೆಟರುಗಳನ್ನು ‘ನಿಯಮ ಬದಲಾಗಬೇಕೇ’ ಎಂದು ಯಾರೂ ಕೇಳಲಿಲ್ಲ. ‘ಪೀಠದ ರೂಲಿಂಗ್’, ಅಂದರೆ ಕಲಾಪ ನಡೆಸುವವರ ತೀರ್ಪು, ‘ನಿಲ್ಲಬೇಕೇ’ ಎಂದು ಕೇಳಿದರು. ನಿಲ್ಲಲಿ ಎಂದವರು 48, ನಿಲ್ಲಬಾರದು ಎಂದವರು 52. ರೂಲಿಂಗ್ ಬಿತ್ತು. ಅದು ಬಿದ್ದದ್ದರಿಂದ ಅದಕ್ಕೆ ತದ್ವಿರುದ್ಧವಾದ ಅರ್ಥ ಸದನದ ಪೂರ್ವನಿದರ್ಶನವಾಯಿತು. ನಿಯಮದ ಪುಸ್ತಕದಲ್ಲಿ ಒಂದಕ್ಷರವೂ ಅಳಿಯಲಿಲ್ಲ. ಸೆನೆಟ್‌ನ 22ನೇ ನಿಯಮವನ್ನು ಇಂದು ತೆರೆದು ನೋಡಿದರೂ ಐದರಲ್ಲಿ ಮೂರು ಪಾಲು, ಅಂದರೆ 60 ಮತ, ಎಂದೇ ಇದೆ.

ಕರ್ನಾಟಕದ ವಿಧಾನಸಭೆಯ ಕಲಾಪ ನೋಡಿ ರೂಢಿಯಾದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ನಮ್ಮಲ್ಲಿ ಸದಸ್ಯರೊಬ್ಬರು ಕ್ರಿಯಾಲೋಪ, ಅಂದರೆ ಕಲಾಪ ನಿಯಮದಂತೆ ನಡೆಯುತ್ತಿಲ್ಲ ಎಂಬ ಆಕ್ಷೇಪ, ಎತ್ತಿದರೆ ಸ್ಪೀಕರ್ ರೂಲಿಂಗ್ ಕೊಡುತ್ತಾರೆ. ಅಲ್ಲಿಗೆ ಮಾತು ಮುಗಿಯಿತು, ಆ ರೂಲಿಂಗನ್ನು ಅಲ್ಲೇ ಮತಕ್ಕೆ ಹಾಕಿ ಉರುಳಿಸುವ ದಾರಿಯಿಲ್ಲ. ಅಮೆರಿಕದ ಸೆನೆಟ್‌ನಲ್ಲಿ ಪೀಠದ ರೂಲಿಂಗ್ ಮೇಲೆ ಸದನಕ್ಕೇ ಮೇಲ್ಮನವಿ ಉಂಟು, ಅದಕ್ಕೆ ಸರಳ ಬಹುಮತ ಸಾಕು. ಮಿಕ್ಕ ಕಥೆಯೆಲ್ಲ ಈ ಒಂದು ವ್ಯತ್ಯಾಸದಿಂದ ಹುಟ್ಟಿದ್ದು.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಿಸಿಕೊಳ್ಳೋಣ. ನೇಮಕಕ್ಕೆ 60 ಮತ ಬೇಕೆಂದು ಅಮೆರಿಕದ ಸಂವಿಧಾನ ಎಂದೂ ಹೇಳಿಲ್ಲ. ಎರಡನೇ ವಿಧಿಯ ಎರಡನೇ ಸೆಕ್ಷನ್ ಪ್ರಕಾರ ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಸೆನೆಟ್‌ನ ‘ಸಲಹೆ ಮತ್ತು ಸಮ್ಮತಿ’ಯೊಂದಿಗೆ ನೇಮಿಸುತ್ತಾರೆ. ಸಮ್ಮತಿಗೆ ಹಾಜರಿದ್ದು ಮತ ಹಾಕಿದವರ ಬಹುಮತ ಸಾಕು. 1991ರಲ್ಲಿ ಕ್ಲಾರೆನ್ಸ್ ಥಾಮಸ್ ಸುಪ್ರೀಂ ಕೋರ್ಟಿಗೆ ಹೋದದ್ದು 52–48ರಲ್ಲಿ. ಆಗ 60ರ ಮಾತೇ ಏಳಲಿಲ್ಲ. 60 ಬೇಕಾಗುತ್ತಿದ್ದುದು ಚರ್ಚೆ ಮುಗಿಸುವುದಕ್ಕೆ. ಸೆನೆಟ್‌ನಲ್ಲಿ ಚರ್ಚೆಗೆ ತಾನಾಗಿ ಕೊನೆಯಿಲ್ಲ. ಅದನ್ನು ಮುಗಿಸಲು ‘ಕ್ಲೋಚರ್’ ಎಂಬ ಪ್ರಸ್ತಾವ ತರಬೇಕು. ಕ್ಲೋಚರ್ ಸಿಗದಂತೆ ಚರ್ಚೆಯನ್ನು ಬಾಕಿ ಇರಿಸಿಕೊಳ್ಳುವುದೇ ಫಿಲಿಬಸ್ಟರ್. 1917ರಲ್ಲಿ ಈ ನಿಯಮ ಬಂದಾಗ ಮೂರರಲ್ಲಿ ಎರಡು ಪಾಲು ಬೇಕಿತ್ತು. 1949ರಲ್ಲಿ ಅದು ನಾಮನಿರ್ದೇಶನಗಳಿಗೂ ಅನ್ವಯವಾಯಿತು. 1975ರಲ್ಲಿ ಪ್ರಮಾಣವಚನ ಸ್ವೀಕರಿಸಿದ ಒಟ್ಟು ಸದಸ್ಯರ ಐದರಲ್ಲಿ ಮೂರು ಪಾಲಿಗೆ ಇಳಿಯಿತು. ಆದರೆ ನಿಯಮಗಳನ್ನೇ ತಿದ್ದುವ ನಿರ್ಣಯದ ಚರ್ಚೆ ಮುಗಿಸಲು ಮಾತ್ರ ಹಾಜರಿದ್ದು ಮತ ಹಾಕಿದವರ ಮೂರರಲ್ಲಿ ಎರಡು ಪಾಲು ಹಾಗೆಯೇ ಉಳಿಯಿತು. ನೂರೂ ಜನ ಮತ ಹಾಕಿದರೆ 67. ನೀವು ಓದಿದ್ದು ಈ ಸಂಖ್ಯೆಯನ್ನೇ.

ಹೀಗಾಗಿ ನೇಮಕದ ವಿಧಾನ ಬದಲಿಸಬೇಕೆನ್ನುವ ನಾಯಕನ ಮುಂದೆ ಮೂರು ದಾರಿಗಳಿರುತ್ತವೆ. ನಿಯಮವನ್ನೇ ತಿದ್ದುವುದು ಒಂದು, ಅದಕ್ಕೆ 67. ನಿಯಮ ಮುಟ್ಟದೆ ‘ಸ್ಥಾಯಿ ಆದೇಶ’ ಹೊರಡಿಸುವುದು ಇನ್ನೊಂದು, ಅದಕ್ಕೆ 60. ಪೂರ್ವನಿದರ್ಶನ ಸ್ಥಾಪಿಸುವುದು ಮೂರನೆಯದು, ಅದಕ್ಕೆ ಸರಳ ಬಹುಮತ. ಮೊದಲಿನ ಎರಡಕ್ಕೆ ಎದುರು ಪಕ್ಷದ ಕೈ ಬೇಕು, ಮೂರನೆಯದಕ್ಕೆ ಬೇಡ. ಈ ಮೂರನೆಯದಕ್ಕೇ ಅಲ್ಲಿನವರು ‘ನ್ಯೂಕ್ಲಿಯರ್ ಆಪ್ಷನ್’ ಎಂದು ಹೆಸರಿಟ್ಟರು. ಬಳಸಿದರೆ ಎರಡೂ ಕಡೆಯವರಿಗೆ ಪೆಟ್ಟು ಎಂಬ ಭಯ ಆ ಹೆಸರಿನಲ್ಲಿದೆ. 2005ರಲ್ಲಿ ರಿಪಬ್ಲಿಕನ್ ನಾಯಕ ಬಿಲ್ ಫ್ರಿಸ್ಟ್ ಇದನ್ನು ಬಳಸುವ ಅಂಚಿಗೆ ಬಂದಿದ್ದರು. ಎರಡೂ ಪಕ್ಷಗಳ ತಲಾ ಏಳು, ಒಟ್ಟು 14 ಸೆನೆಟರುಗಳು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡು ಅದನ್ನು ತಡೆದರು.

ಎಂಟು ವರ್ಷದ ನಂತರ ತಡೆಯುವವರು ಯಾರೂ ಉಳಿದಿರಲಿಲ್ಲ. ವಾಷಿಂಗ್ಟನ್ನಿನ ಡಿ.ಸಿ. ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದ 11 ಸ್ಥಾನಗಳಲ್ಲಿ ಮೂರು ಖಾಲಿ ಇದ್ದವು. ಕೇಂದ್ರ ಸರ್ಕಾರದ ಇಲಾಖೆಗಳ ಆದೇಶಗಳನ್ನು ಪ್ರಶ್ನಿಸುವ ಬಹುಪಾಲು ದೊಡ್ಡ ಮೊಕದ್ದಮೆಗಳು ಹೋಗುವುದು ಅಲ್ಲಿಗೇ, ಆದ್ದರಿಂದ ಆ ಮೂರು ಕುರ್ಚಿಗಳಿಗೆ ಅಷ್ಟು ಬೆಲೆ. ಒಬಾಮಾ ಸೂಚಿಸಿದ ಪೆಟ್ರಿಷಿಯಾ ಮಿಲೆಟ್ ಅವರ ಕ್ಲೋಚರ್ ಅಕ್ಟೋಬರ್ 31ರಂದು 55–38ರಲ್ಲಿ ನಿಂತುಹೋಯಿತು. ಪರವಾಗಿ ಹೆಚ್ಚು ಮತ ಬಿದ್ದಿದ್ದರೂ 60 ಮುಟ್ಟಲಿಲ್ಲ. ಅದೇ ಕೋರ್ಟಿಗೆ ಸೂಚಿತರಾಗಿದ್ದ ಕಾರ್ನೆಲಿಯಾ ಪಿಲ್ಲಾರ್ಡ್ ಮತ್ತು ರಾಬರ್ಟ್ ವಿಲ್ಕಿನ್ಸ್ ಅವರಿಗೂ ಅದೇ ಗತಿಯಾಯಿತು.

ಇಲ್ಲಿಂದ ಮುಂದಿನ ಹೆಜ್ಜೆಗಳನ್ನು ನಿಧಾನವಾಗಿ ಓದಿ, ಕೀಲಿ ಇರುವುದು ಇಲ್ಲೇ. ಕ್ಲೋಚರ್ ಸೋತ ದಿನ ಡೆಮಾಕ್ರಟಿಕ್ ನಾಯಕ ಹ್ಯಾರಿ ರೀಡ್ ಕೊನೆ ಗಳಿಗೆಯಲ್ಲಿ ತಮ್ಮ ಮತವನ್ನು ‘ವಿರುದ್ಧ’ಕ್ಕೆ ಬದಲಿಸಿಕೊಂಡರು. ಮನಸ್ಸು ಬದಲಾಗಿ ಅಲ್ಲ. ಒಂದು ಮತದ ಮರುಪರಿಶೀಲನೆ ಕೇಳುವ ಹಕ್ಕು ಗೆದ್ದ ಕಡೆ ಮತ ಹಾಕಿದವರಿಗಿರುತ್ತದೆ, ಅದನ್ನು ಉಳಿಸಿಕೊಳ್ಳುವುದಕ್ಕಾಗಿ. ಸೋಲುವ ಕ್ಲೋಚರ್ ಮತದಲ್ಲಿ ಬಹುಮತ ಪಕ್ಷದ ನಾಯಕನೇ ವಿರುದ್ಧ ಮತ ಹಾಕಿರುವುದು ಕಂಡರೆ, ಅದು ಬಂಡಾಯವಲ್ಲ, ನಾಳೆಗಾಗಿ ಇಟ್ಟುಕೊಂಡ ಟಿಕೆಟ್ಟು ಎಂದು ತಿಳಿಯಿರಿ.

ನವೆಂಬರ್ 21ರಂದು ರೀಡ್ ಮರುಪರಿಶೀಲನೆಯ ಪ್ರಸ್ತಾವ ತಂದರು, ಸದನ ಒಪ್ಪಿತು. ಕ್ಲೋಚರ್ ಪ್ರಶ್ನೆ ಮತ್ತೆ ಸದನದ ಮುಂದೆ ಬಂದು ನಿಂತಿತು. ಆ ಕ್ಷಣದಲ್ಲಿ ಅವರು ಕ್ರಿಯಾಲೋಪ ಎತ್ತಿದರು: ಸುಪ್ರೀಂ ಕೋರ್ಟನ್ನು ಬಿಟ್ಟು ಉಳಿದೆಲ್ಲ ನಾಮನಿರ್ದೇಶನಗಳಿಗೆ 22ನೇ ನಿಯಮದಡಿ ಕ್ಲೋಚರ್ ಮತವು ಸರಳ ಬಹುಮತದ್ದು ಎಂದು. ಪೀಠದಲ್ಲಿದ್ದವರು ಅವರದೇ ಪಕ್ಷದ ಪ್ಯಾಟ್ರಿಕ್ ಲೀಹಿ. ನಿಯಮದಲ್ಲಿ 60 ಎಂದು ಸ್ಪಷ್ಟವಾಗಿ ಬರೆದಿರುವಾಗ ಪೀಠ ಬೇರೆ ಏನು ಹೇಳಲು ಸಾಧ್ಯ? ಲೀಹಿ ಕ್ರಿಯಾಲೋಪವನ್ನು ಒಪ್ಪಲಿಲ್ಲ. ರೀಡ್ ಮೇಲ್ಮನವಿ ಹಾಕಿದರು. ಆಗ ಬಂದದ್ದೇ ನೀವು ನೋಡಿದ 48–52. ಕಾರ್ಲ್ ಲೆವಿನ್, ಜೋ ಮ್ಯಾಂಚಿನ್, ಮಾರ್ಕ್ ಪ್ರಯರ್ ಎಂಬ ಮೂವರು ಡೆಮಾಕ್ರಟರು ರಿಪಬ್ಲಿಕನ್ನರ ಜತೆ ನಿಂತರು. ನಂತರ ಹೊಸ ಅರ್ಥದ ಪ್ರಕಾರ ಕ್ಲೋಚರ್ ಮತ ನಡೆದು 55–43ರಲ್ಲಿ ಮಿಲೆಟ್ ದಾರಿ ತೆರೆಯಿತು. ಮೂರು ವಾರದ ಹಿಂದೆ 55 ಮತ ಸಾಲದಾಗಿತ್ತು, ಅಂದು ಅದೇ 55 ಸಾಕಾಯಿತು.

ಇದನ್ನು ಯಾವಾಗ ಬೇಕಾದರೂ ಮಾಡಬಹುದಿತ್ತಲ್ಲ, ಮರುಪರಿಶೀಲನೆಯ ಸುತ್ತುದಾರಿ ಏಕೆ ಎಂದು ನೀವು ಕೇಳಬಹುದು. ಪೀಠದ ರೂಲಿಂಗ್ ಮೇಲಿನ ಮೇಲ್ಮನವಿಯೂ ಸಾಮಾನ್ಯವಾಗಿ ಚರ್ಚೆಗೆ ತೆರೆದಿರುವಂಥದ್ದು. ಚರ್ಚೆಗೆ ತೆರೆದದ್ದೆಂದರೆ ಅದನ್ನೂ ಫಿಲಿಬಸ್ಟರ್ ಮಾಡಬಹುದು. ಆಗ ಅದನ್ನು ಮುಗಿಸಲು ಮತ್ತೆ 60 ಬೇಕು, ಕಪ್ಪೆ ಬಾವಿಯಲ್ಲೇ ಉಳಿಯಿತು. ಆದರೆ ಕ್ಲೋಚರ್ ಪ್ರಶ್ನೆಯನ್ನು ಚರ್ಚೆಯಿಲ್ಲದೆ ಮತಕ್ಕೆ ಹಾಕಬೇಕೆಂದು ನಿಯಮವೇ ಹೇಳುತ್ತದೆ. ಅದು ಸದನದ ಮುಂದಿರುವಾಗ ಏಳುವ ಕ್ರಿಯಾಲೋಪ, ಅದರ ಮೇಲಿನ ಮೇಲ್ಮನವಿ ಎಲ್ಲವೂ ಚರ್ಚೆಯಿಲ್ಲದೆ ತೀರ್ಮಾನವಾಗುತ್ತವೆ. ಆ ಕಿಂಡಿ ತೆರೆದಿರುವುದು ಅಷ್ಟು ಹೊತ್ತು ಮಾತ್ರ. ತಂತ್ರ ಫಲಿಸದ ಸಂದರ್ಭಗಳನ್ನು ನೋಡಿದರೆ ಕಾರಣ ಸಾಮಾನ್ಯವಾಗಿ ಒಂದೇ: ಸ್ವಂತ ಪಕ್ಷದಲ್ಲಿ 51 ಗಟ್ಟಿ ಇಲ್ಲದಿರುವುದು.

ಈ ಉಪಾಯ ರೀಡ್ ಕಂಡುಹಿಡಿದದ್ದೂ ಅಲ್ಲ. 1980ರ ಮಾರ್ಚ್ 5ರಂದು ಆಗಿನ ಡೆಮಾಕ್ರಟಿಕ್ ನಾಯಕ ರಾಬರ್ಟ್ ಬರ್ಡ್ ಇದೇ ಕೆಲಸ ಮಾಡಿದ್ದರು. ಎಲ್ ಸಾಲ್ವಡಾರ್‌ಗೆ ರಾಯಭಾರಿಯಾಗಬೇಕಿದ್ದ ರಾಬರ್ಟ್ ವೈಟ್ ಅವರ ಹೆಸರನ್ನು ಎತ್ತಿಕೊಳ್ಳುವ ಪ್ರಸ್ತಾವ ಚರ್ಚೆಯಿಲ್ಲದೆ ಮತಕ್ಕೆ ಬರಬೇಕು ಎಂಬುದು ಬರ್ಡ್ ನಿಲುವು. ಪೀಠ ಎದುರು ಹೇಳಿತು, ಸದನ 38–54ರಲ್ಲಿ ಪೀಠವನ್ನು ಉರುಳಿಸಿತು. ಇಂದಿಗೂ ಸೆನೆಟ್‌ನಲ್ಲಿ ಒಂದು ಮಸೂದೆಯನ್ನು ಕೈಗೆತ್ತಿಕೊಳ್ಳಬೇಕೇ ಎಂಬುದನ್ನೇ ಫಿಲಿಬಸ್ಟರ್ ಮಾಡಬಹುದು, ನಾಮನಿರ್ದೇಶನ ಕೈಗೆತ್ತಿಕೊಳ್ಳುವುದನ್ನು ಮಾಡಲಾಗದು. ಆ ವ್ಯತ್ಯಾಸ ಅಂದಿನದು. ಬರ್ಡ್ ಕಿತ್ತದ್ದು ಸಣ್ಣ ಇಟ್ಟಿಗೆ, ಆದ್ದರಿಂದ ಸದ್ದಾಗಲಿಲ್ಲ.

2017ರ ಏಪ್ರಿಲ್ 6ರಂದು ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ಅದೇ ಹೆಜ್ಜೆಗಳನ್ನು ಅದೇ ಕ್ರಮದಲ್ಲಿ ಇಟ್ಟು, 2013ರಲ್ಲಿ ಬಿಟ್ಟಿದ್ದ ಸುಪ್ರೀಂ ಕೋರ್ಟನ್ನೂ ಸೇರಿಸಿದರು. ಮತವೂ ಅದೇ 48–52. ಮರುದಿನ ನೀಲ್ ಗಾರ್ಸಚ್ 54–45ರಲ್ಲಿ ನ್ಯಾಯಮೂರ್ತಿಯಾದರು. ಆಮೇಲೆ ಕವನಾ 50–48, ಬ್ಯಾರೆಟ್ 52–48, ಡೆಮಾಕ್ರಟರ ಕಾಲದಲ್ಲಿ ಕೆಟಾಂಜಿ ಬ್ರೌನ್ ಜಾಕ್ಸನ್ 53–47. ಈ ನಾಲ್ವರಲ್ಲಿ ಒಬ್ಬರೂ 60 ದಾಟಿಲ್ಲ.

ಮತಗಳ ಅಡ್ಡಿ ಹೀಗೆ ಹೋಯಿತು. ಆದರೆ ನೇಮಕ ಚುರುಕಾಗಲಿಲ್ಲ. ಅಡ್ಡಿ ಮತದಿಂದ ಗಂಟೆಗಳಿಗೆ ವರ್ಗವಾಯಿತು. ಪತ್ರಿಕೆಗಳಲ್ಲಿ ಕಡಿಮೆ ಕಾಣುವ, ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದ ಭಾಗ ಇದು.

ಒಂದು ಹೆಸರು ಸದನದಲ್ಲಿ ಎಷ್ಟು ಹೊತ್ತು ತಿನ್ನುತ್ತದೆ ನೋಡಿ. ಸಮಿತಿಯ ವಿಚಾರಣೆ ಮುಗಿದು ಹೆಸರು ಎಕ್ಸಿಕ್ಯುಟಿವ್ ಕ್ಯಾಲೆಂಡರ್ ಎಂಬ ಪಟ್ಟಿಗೆ ಬರುತ್ತದೆ. ಎಲ್ಲರೂ ಒಪ್ಪಿದರೆ ಸಂಜೆ ಸದನ ಮುಗಿಯುವ ಹೊತ್ತಿಗೆ ಹತ್ತಾರು ಹೆಸರುಗಳನ್ನು ಧ್ವನಿಮತದಲ್ಲೋ ಸರ್ವಾನುಮತದಲ್ಲೋ ಮುಗಿಸಬಹುದು. ದಶಕಗಳ ಕಾಲ ಕೆಳಹಂತದ ಹೆಚ್ಚಿನ ನೇಮಕಗಳು ಆದದ್ದು ಹೀಗೆಯೇ. ಒಬ್ಬ ಸೆನೆಟರ್ ‘ನನ್ನ ಆಕ್ಷೇಪವಿದೆ’ ಎಂದರೂ ಸರ್ವಾನುಮತ ಹೋಯಿತು. ಈ ಆಕ್ಷೇಪದ ಮುನ್ಸೂಚನೆಯೇ ‘ಹೋಲ್ಡ್’. ಆಗ ನಾಯಕ ಕ್ಲೋಚರ್ ಪ್ರಸ್ತಾವ ಕೊಡಬೇಕು, ಅದಕ್ಕೆ 16 ಸೆನೆಟರುಗಳ ಸಹಿ ಬೇಕು. ನಡುವೆ ಒಂದು ದಿನ ಕಳೆಯಬೇಕು. ಆಮೇಲೆ ಕ್ಲೋಚರ್ ಮತ, ಅದು ಗೆದ್ದ ಮೇಲೂ 30 ಗಂಟೆಗಳವರೆಗೆ ಚರ್ಚೆಗೆ ಅವಕಾಶ, ಕೊನೆಗೆ ಒಪ್ಪಿಗೆಯ ಮತ. ಬೇರೆ ಬೇರೆ ಹೆಸರುಗಳ ಕ್ಲೋಚರ್ ಪ್ರಸ್ತಾವಗಳನ್ನು ಒಂದೇ ದಿನ ಒಟ್ಟಿಗೆ ಕೊಡಬಹುದಾದ್ದರಿಂದ ನಡುವಿನ ದಿನದ ಕಾಯುವಿಕೆ ಪ್ರತಿ ಹೆಸರಿಗೂ ಸೇರುವುದಿಲ್ಲ. 30 ಗಂಟೆ ಮಾತ್ರ ಸೇರುತ್ತಲೇ ಹೋಗುತ್ತದೆ.

ಸೆನೆಟ್ ಒಪ್ಪಿಗೆ ಬೇಕಾದ ನಾಗರಿಕ ಹುದ್ದೆಗಳು 1,200ಕ್ಕೂ ಹೆಚ್ಚು. 107 ಹೆಸರುಗಳಿಗೆ ತಲಾ 30 ಗಂಟೆ ಎಂದರೆ 3,210 ಗಂಟೆ, ಹಗಲಿರುಳು ಸದನ ನಡೆದರೂ ಸುಮಾರು 134 ದಿನ. ಹೆಸರು ಸೋಲಿಸಲು ಆಗದಿದ್ದರೂ ಎದುರು ಪಕ್ಷ ಸುಮ್ಮನೆ ಕುಳಿತು ಗಡಿಯಾರ ಓಡಿಸಬಹುದಿತ್ತು.

ಇದಕ್ಕೆ ಸಜ್ಜನಿಕೆಯ ಪರಿಹಾರವೂ ಒಮ್ಮೆ ಬಂದಿತ್ತು. 2013ರ ಜನವರಿಯಲ್ಲಿ ಎರಡೂ ಪಕ್ಷಗಳು ಒಪ್ಪಿ ಆ ಒಂದು ಅವಧಿಗೆ, ಅಂದರೆ ಎರಡು ವರ್ಷಕ್ಕೆ, ಸ್ಥಾಯಿ ಆದೇಶ ಮಾಡಿಕೊಂಡವು: ಕ್ಲೋಚರ್ ಬಳಿಕದ ಸಮಯ ಸಂಪುಟಕ್ಕಿಂತ ಕೆಳಗಿನ ಹುದ್ದೆಗಳಿಗೆ ಎಂಟು ಗಂಟೆ, ಜಿಲ್ಲಾ ನ್ಯಾಯಾಧೀಶರಿಗೆ ಎರಡು ಗಂಟೆ. ಅವಧಿ ಮುಗಿದಾಗ ಅದೂ ಮುಗಿಯಿತು, ಮುಂದುವರಿಸಲಿಲ್ಲ. 2019ರ ಏಪ್ರಿಲ್ 3ರಂದು ಮೆಕಾನೆಲ್ ಮತ್ತೆ ಮೂರನೇ ದಾರಿ ಹಿಡಿದು ಎರಡು ಗುಂಪುಗಳಿಗೂ ಎರಡೇ ಗಂಟೆ ಎಂದು ಮಾಡಿದರು. ಸುಪ್ರೀಂ ಕೋರ್ಟ್, ಮೇಲ್ಮನವಿ ನ್ಯಾಯಾಲಯಗಳು ಮತ್ತು ಸಂಬಳ ಶ್ರೇಣಿಯಲ್ಲಿ ‘ಲೆವೆಲ್ ಒಂದು’ ಎನ್ನುವ ಸಂಪುಟ ದರ್ಜೆಯ ಹುದ್ದೆಗಳಿಗೆ 30 ಗಂಟೆ ಉಳಿಯಿತು.

ಎರಡು ಗಂಟೆಯ ಲೆಕ್ಕದಲ್ಲೂ 107 ಹೆಸರುಗಳಿಗೆ 214 ಗಂಟೆ. ದಿನಕ್ಕೆ ಎಂಟು ಗಂಟೆ ಸದನ ನಡೆದರೆ ಸುಮಾರು 27 ದಿನ. ಅದರ ಮೇಲೆ ಪ್ರತಿ ಹೆಸರಿಗೂ ಎರಡು ಹೆಸರುಕೂಗು ಮತ, ಒಟ್ಟು 214. ಒಂದೊಂದಕ್ಕೂ ಅಧಿಕೃತವಾಗಿ 15 ನಿಮಿಷ, ಆದರೆ ಸೆನೆಟರುಗಳು ಸಮಿತಿ ಕೊಠಡಿಗಳಿಂದ ಬಂದು ಸೇರುವಷ್ಟರಲ್ಲಿ ಅದು ದುಪ್ಪಟ್ಟಾಗುವುದು ಮಾಮೂಲು. 2025ರಲ್ಲಿ ಡೆಮಾಕ್ರಟರು ಟ್ರಂಪ್ ಅವರ ನಾಗರಿಕ ನೇಮಕಗಳಿಗೆ ಸರ್ವಾನುಮತ, ಧ್ವನಿಮತ ಎರಡನ್ನೂ ನಿರಾಕರಿಸಿದಾಗ ಈ 15 ನಿಮಿಷಗಳೇ ಬೆಟ್ಟವಾದವು.

ಈಗ ನಿಮ್ಮ ಎರಡನೇ ಪ್ರಶ್ನೆ. ಹೌದು, ಅದೇ ದಾರಿ. ಸೆಪ್ಟೆಂಬರ್ 11ರಂದು ರಿಪಬ್ಲಿಕನ್ ನಾಯಕ ಜಾನ್ ಥೂನ್ ಪೀಠದ ರೂಲಿಂಗನ್ನು 53 ಮತಗಳಿಂದ ಉರುಳಿಸಿ ಹೊಸ ಪೂರ್ವನಿದರ್ಶನ ತಂದರು: ಹಲವು ಹೆಸರುಗಳನ್ನು ಒಂದು ಗಂಟಾಗಿ ಪರಿಶೀಲಿಸಲು ಅನುಮತಿಸುವ ನಿರ್ಣಯಕ್ಕೆ ಕ್ಲೋಚರ್ ಸರಳ ಬಹುಮತದಲ್ಲಿ ಸಿಗುತ್ತದೆ. ಕೆಲಸ ನಡೆಯುವ ರೀತಿ ಹೀಗೆ. ಹೆಸರುಗಳನ್ನು ಪಟ್ಟಿ ಮಾಡಿದ ನಿರ್ಣಯವನ್ನು ಮಂಡಿಸುತ್ತಾರೆ. ಪಟ್ಟಿಗೆ ಸೇರಬೇಕಾದರೆ ಹೆಸರು ಸಮಿತಿ ದಾಟಿ ಕ್ಯಾಲೆಂಡರ್‌ನಲ್ಲಿ ಇರಬೇಕು. ನಿರ್ಣಯಕ್ಕೆ ಕ್ಲೋಚರ್, ನಿರ್ಣಯದ ಅಂಗೀಕಾರ, ನಂತರ ಇಡೀ ಗಂಟಿಗೆ ಒಂದು ಕ್ಲೋಚರ್, ಕೊನೆಗೆ ಇಡೀ ಗಂಟಿಗೆ ಒಂದೇ ಒಪ್ಪಿಗೆ ಮತ. 214ರ ಜಾಗದಲ್ಲಿ ಬೆರಳೆಣಿಕೆಯ ಮತಗಳು. ಗಂಟು ಎಷ್ಟು ದೊಡ್ಡದಿರಬಹುದು ಎಂಬುದಕ್ಕೆ ಮಿತಿ ಇಲ್ಲ. ನ್ಯಾಯಾಧೀಶರು ಮತ್ತು ಲೆವೆಲ್ ಒಂದರ ಹುದ್ದೆಗಳು ಮಾತ್ರ ಇದರಿಂದ ಹೊರಗೆ. ಸೆಪ್ಟೆಂಬರ್ 18ರಂದು 48 ಜನ, ಅಕ್ಟೋಬರ್ 7ರಂದು 107 ಜನ, ಎರಡೂ 51–47ರಲ್ಲಿ ಪಾಸಾದವು. ಭಾರತಕ್ಕೆ ಬಂದ ಸೆರ್ಜಿಯೊ ಗೋರ್ ಎರಡನೇ ಗಂಟಿನಲ್ಲಿದ್ದರು.

ಗಂಟು ಕಟ್ಟುವಾಗ ಏನು ತಪ್ಪಬಹುದು ಎಂಬುದಕ್ಕೆ ಆ ಡಿಸೆಂಬರ್ ತಿಂಗಳೇ ಉದಾಹರಣೆ. 88 ಹೆಸರುಗಳ ಪಟ್ಟಿಯಲ್ಲಿ ಒಂದು ಹುದ್ದೆ ಲೆವೆಲ್ ಒಂದರದ್ದಾಗಿತ್ತು. ಕೊಲೊರಾಡೊದ ಸೆನೆಟರ್ ಮೈಕೆಲ್ ಬೆನೆಟ್ ಅದನ್ನು ಹಿಡಿದು ಆಕ್ಷೇಪಿಸಿದರು. ಪಟ್ಟಿಯಿಂದ ಒಂದು ಹೆಸರು ಹೊಡೆದು ಮುಂದೆ ಹೋಗುವಂತಿಲ್ಲ, ಇಡೀ ನಿರ್ಣಯವೇ ನಿಂತಿತು. ಹೊಸ ನಿರ್ಣಯದೊಂದಿಗೆ ಮೊದಲಿನಿಂದ ಶುರುಮಾಡಬೇಕಾಯಿತು. ಅಷ್ಟರಲ್ಲಿ ಇನ್ನಷ್ಟು ಹೆಸರುಗಳು ಸಮಿತಿ ದಾಟಿದ್ದರಿಂದ ಹೊಸ ಪಟ್ಟಿ 97ಕ್ಕೆ ಬೆಳೆಯಿತು. ಆಕ್ಷೇಪಿಸಿದವರಿಗೆ ಸಿಕ್ಕಿದ್ದು ಕೆಲವು ದಿನಗಳ ವಿಳಂಬ ಮಾತ್ರ.

ಗೋರ್ ಅವರ ನೇಮಕವನ್ನು ಅವರ ಹಿಂದಿನ ರಾಯಭಾರಿಯ ಜತೆ ಇಟ್ಟು ನೋಡಿದರೆ ಬದಲಾವಣೆಯ ಅಳತೆ ಗೊತ್ತಾಗುತ್ತದೆ. ಎರಿಕ್ ಗಾರ್ಸೆಟ್ಟಿ ಅವರ ಹೆಸರನ್ನು ಬೈಡನ್ ಸೂಚಿಸಿದ್ದು 2021ರ ಜುಲೈನಲ್ಲಿ. ಆ ಅವಧಿ ಮುಗಿದಾಗ, 2023ರ ಜನವರಿಯಲ್ಲಿ, ಹೆಸರು ಅಧ್ಯಕ್ಷರಿಗೆ ವಾಪಸಾಯಿತು. ತೀರ್ಮಾನವಾಗದ ಹೆಸರುಗಳು ಹೀಗೆ ಮರಳಬೇಕೆಂಬುದು 31ನೇ ನಿಯಮ. ಮತ್ತೆ ಸೂಚಿಸಿ, 2023ರ ಮಾರ್ಚ್ 15ರಂದು 52–42ರಲ್ಲಿ ಒಪ್ಪಿಗೆ ಸಿಕ್ಕಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ದೆಹಲಿಯಲ್ಲಿ ಅಮೆರಿಕದ ಪೂರ್ಣಪ್ರಮಾಣದ ರಾಯಭಾರಿ ಇರಲಿಲ್ಲ. ಆದರೆ ಈ ವಿಳಂಬಕ್ಕೆ 60ರ ನಿಯಮ ಕಾರಣವಲ್ಲ, ಅದು ಹೋಗಿ ಎಂಟು ವರ್ಷವಾಗಿತ್ತು. ಗಾರ್ಸೆಟ್ಟಿಗೆ ಅವರದೇ ಪಕ್ಷದಲ್ಲಿ ಮತಗಳು ಗಟ್ಟಿ ಇರಲಿಲ್ಲ. ಕೊನೆಗೆ ಮೂವರು ಡೆಮಾಕ್ರಟರು ವಿರುದ್ಧ ಹೋದರು, ಏಳು ರಿಪಬ್ಲಿಕನ್ನರು ಕೈಹಿಡಿದರು. ಒಬ್ಬರ ಮೇಲೆ ಒಂದು ಮತ ಇದ್ದಾಗ ಪಕ್ಷದ ಗೆರೆ ಹೀಗೆ ಎರಡೂ ಕಡೆ ಮುರಿಯುತ್ತದೆ. ಗಂಟಿನಲ್ಲಿ ಇದಕ್ಕೆ ಜಾಗವಿಲ್ಲ. ಒಬ್ಬ ರಾಯಭಾರಿ ಬೇಡವೆನಿಸಿದ ಸೆನೆಟರ್ ಉಳಿದ 106 ಜನರನ್ನೂ ಬೇಡವೆನ್ನಬೇಕು. ಯಾರು ಹಾಗೆ ಮಾಡುತ್ತಾರೆ? ನನಗೆ ಇಡೀ ಬದಲಾವಣೆಯಲ್ಲಿ ಹೆಚ್ಚು ಕಳವಳ ಹುಟ್ಟಿಸುವುದು ಇದೇ. ‘ಸಲಹೆ ಮತ್ತು ಸಮ್ಮತಿ’ ಎಂಬುದು ವ್ಯಕ್ತಿಯ ಮೇಲಿನ ತೀರ್ಮಾನ, ಪಟ್ಟಿಯ ಮೇಲಿನದಲ್ಲ.

ಹಾಗೆಂದು 60ರ ದಿನಗಳು ಒಳ್ಳೆಯವಿದ್ದವು ಎಂದು ನಾನು ಹೇಳಲಾರೆ. ಕನ್ನಡಿಗರಿಗೆ ಹತ್ತಿರದ ಪ್ರಕರಣವನ್ನೇ ತೆಗೆದುಕೊಳ್ಳಿ. ಮಂಡ್ಯ ಜಿಲ್ಲೆಯ ಹಲ್ಲೆಗೆರೆಯ ಮೂಲದ ಡಾ. ವಿವೇಕ್ ಮೂರ್ತಿ ಅವರನ್ನು ಒಬಾಮಾ ಸರ್ಜನ್ ಜನರಲ್ (ಸಾರ್ವಜನಿಕ ಆರೋಗ್ಯದ ವಿಷಯದಲ್ಲಿ ಸರ್ಕಾರದ ಮುಖ್ಯ ವೈದ್ಯ) ಹುದ್ದೆಗೆ ಸೂಚಿಸಿದ್ದು 2013ರ ನವೆಂಬರ್‌ನಲ್ಲಿ, ರೀಡ್ ನಿಯಮ ಮುರಿದ ತಿಂಗಳೇ. ಬಂದೂಕು ಹಿಂಸೆ ಸಾರ್ವಜನಿಕ ಆರೋಗ್ಯದ ವಿಷಯ ಎಂದು ಅವರು ಹೇಳಿದ್ದರು. ಬಂದೂಕು ಪರವಾದ ಸಂಘಟನೆ ಎನ್‌ಆರ್‌ಎ ಎದುರು ನಿಂತಿತು. 2014ರ ಡಿಸೆಂಬರ್ 15ರಂದು ಅವರ ಕ್ಲೋಚರ್ 52–40ರಲ್ಲಿ, ಒಪ್ಪಿಗೆ 51–43ರಲ್ಲಿ ಪಾಸಾಯಿತು. ಹಳೆಯ 60 ಉಳಿದಿದ್ದರೆ ಅಂದು ಅವರಿಗೆ ಆ ಹುದ್ದೆ ಸಿಗುತ್ತಿರಲಿಲ್ಲ. ಇನ್ನೊಂದು ಪಾಠವೂ ಇಲ್ಲಿದೆ. ನಿಯಮ ಸಡಿಲವಾದ ಮೇಲೂ, ಸೆನೆಟ್ ಡೆಮಾಕ್ರಟರ ಕೈಯಲ್ಲಿದ್ದರೂ, ಅವರು 13 ತಿಂಗಳು ಕಾದರು. ಚುನಾವಣೆ ಎದುರಿಸಬೇಕಿದ್ದ ಕೆಲವು ಡೆಮಾಕ್ರಟ್ ಸೆನೆಟರುಗಳು ಅಲುಗಾಡುತ್ತಿದ್ದುದರಿಂದ ನವೆಂಬರ್ ಚುನಾವಣೆ ಮುಗಿಯುವವರೆಗೆ ನಾಯಕರು ಹೆಸರನ್ನು ಮತಕ್ಕೆ ತರಲೇ ಇಲ್ಲ.

ಸರಳ ಬಹುಮತ ತಾನಾಗಿ ನೇಮಕ ತರುವುದಿಲ್ಲ ಎಂಬುದಕ್ಕೆ ಇನ್ನೂ ದೊಡ್ಡ ಉದಾಹರಣೆ ಮೆರಿಕ್ ಗಾರ್ಲೆಂಡ್. 2016ರ ಮಾರ್ಚ್ 16ರಂದು ಸುಪ್ರೀಂ ಕೋರ್ಟಿಗೆ ಸೂಚಿತರಾದ ಅವರಿಗೆ ಬಹುಮತದಲ್ಲಿದ್ದ ರಿಪಬ್ಲಿಕನ್ನರು ವಿಚಾರಣೆಯನ್ನೂ ಕೊಡಲಿಲ್ಲ, 2017ರ ಜನವರಿ 3ರಂದು ಹೆಸರು ವಾಪಸಾಯಿತು. ಇಂತಿಷ್ಟು ದಿನದಲ್ಲಿ ಮತಕ್ಕೆ ಹಾಕಬೇಕು ಎಂಬ ನಿಯಮ ಇಲ್ಲ. ಯಾವ ಹೆಸರು ಮೇಜಿನ ಮೇಲೆ ಬರಬೇಕೆಂದು ನಿರ್ಧರಿಸುವುದು ಬಹುಮತ ಪಕ್ಷ. ಆದ್ದರಿಂದ 2013ರಿಂದೀಚಿನ ಎಲ್ಲ ಸಡಿಲಿಕೆಗಳೂ ಫಲ ಕೊಡುವುದು ಅಧ್ಯಕ್ಷರ ಪಕ್ಷವೇ ಸೆನೆಟ್‌ನಲ್ಲೂ ಮೇಲುಗೈ ಪಡೆದಿದ್ದಾಗ ಮಾತ್ರ. 50–50 ಆದರೆ ಉಪಾಧ್ಯಕ್ಷರ ಮತ ನಿರ್ಣಾಯಕ. 2017ರಲ್ಲಿ ಶಿಕ್ಷಣ ಕಾರ್ಯದರ್ಶಿ ಬೆಟ್ಸಿ ಡಿವಾಸ್, 2025ರ ಜನವರಿಯಲ್ಲಿ ರಕ್ಷಣಾ ಕಾರ್ಯದರ್ಶಿ ಪೀಟ್ ಹೆಗ್‌ಸೆತ್ ದಾಟಿದ್ದು ಹಾಗೆ.

ಅಧ್ಯಕ್ಷರಿಗೆ ಸೆನೆಟನ್ನು ಬದಿಗಿಡುವ ಅಡ್ಡದಾರಿಗಳಿಲ್ಲವೇ ಎಂದರೆ ಇವೆ, ಕಿರಿದಾಗಿವೆ. ಸದನ ವಿರಾಮದಲ್ಲಿರುವಾಗ ಮಾಡುವ ತಾತ್ಕಾಲಿಕ ನೇಮಕಕ್ಕೆ 2014ರಲ್ಲಿ ಸುಪ್ರೀಂ ಕೋರ್ಟ್ ಬೇಲಿ ಹಾಕಿತು: ವಿರಾಮ ಹತ್ತು ದಿನಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಸಾಲದು. ಸೆನೆಟ್ ಮೂರು ದಿನಕ್ಕೊಮ್ಮೆ ನಿಮಿಷಗಳ ಮಟ್ಟಿಗೆ ಸೇರಿ ಎದ್ದರೆ ಆ ದಾರಿ ಮುಚ್ಚಿದಂತೆ. ಹಂಗಾಮಿ ಅಧಿಕಾರಿಗಳನ್ನು ಕೂರಿಸಲು 1998ರ ಕಾನೂನು ಸಾಮಾನ್ಯವಾಗಿ 210 ದಿನ, ಹೊಸ ಅಧ್ಯಕ್ಷರ ಆರಂಭದ ಖಾಲಿ ಹುದ್ದೆಗಳಿಗೆ 300 ದಿನ ಕೊಡುತ್ತದೆ.

ಸರಿಯಾದ ಪರಿಹಾರ ಬೇರೆ ಕಡೆ ಇತ್ತು ಎಂಬುದು ನನ್ನ ಅಭಿಪ್ರಾಯ. 2012ರ ಒಂದು ಕಾನೂನು 160ಕ್ಕೂ ಹೆಚ್ಚು ಹುದ್ದೆಗಳನ್ನು ಸೆನೆಟ್ ಒಪ್ಪಿಗೆಯ ಪಟ್ಟಿಯಿಂದಲೇ ತೆಗೆದಿತ್ತು. ಎರಡೂ ಪಕ್ಷಗಳು ಕೂಡಿ ಮಾಡಿದ ಕೆಲಸವದು. ಸಣ್ಣ ಮಂಡಳಿಗಳ ಸದಸ್ಯರಿಗೂ ಉಪಕಾರ್ಯದರ್ಶಿಗಳಿಗೂ ನೂರು ಸೆನೆಟರುಗಳ ಸಮಯ ಏಕೆ ಬೇಕು? 2023ರಲ್ಲಿ ಡೆಮಾಕ್ರಟ್ ಸೆನೆಟರ್ ಆಮಿ ಕ್ಲೋಬುಚರ್ ಮುಂದಿಟ್ಟ ಯೋಜನೆಯಲ್ಲಿ ಗಂಟಿಗೆ ಹತ್ತು ಹೆಸರುಗಳ ಮಿತಿಯಿತ್ತು, ಹೆಸರುಗಳೆಲ್ಲ ಒಂದೇ ಸಮಿತಿಯಿಂದ ಬಂದಿರಬೇಕಿತ್ತು. ಹತ್ತು ಜನರ ಪಟ್ಟಿಯಲ್ಲಿ ಒಬ್ಬ ಅನರ್ಹ ಕಣ್ಣಿಗೆ ಬೀಳುತ್ತಾನೆ, ನೂರರಲ್ಲಿ ಮುಳುಗಿಹೋಗುತ್ತಾನೆ. 2025ರ ಸೆಪ್ಟೆಂಬರ್ 11ರ ಮಧ್ಯಾಹ್ನದವರೆಗೂ ಎರಡೂ ಕಡೆಯವರು 15 ಹೆಸರುಗಳ ಮಿತಿಯ ಸುತ್ತ ಮಾತಾಡುತ್ತಿದ್ದರು. ಆ ಮಾತು ಕೂಡಿಬರಲಿಲ್ಲ.

ಇನ್ನು ಹಿಂದಕ್ಕೆ ತಿರುಗಿಸುವ ಪ್ರಶ್ನೆ. ತಿರುಗಿಸಬಹುದು, ಅದೇ 51 ಮತದಿಂದ. ಮತ್ತೊಂದು ಕ್ರಿಯಾಲೋಪ, ಮತ್ತೊಂದು ಮೇಲ್ಮನವಿ, ಅಷ್ಟೇ. 22ನೇ ನಿಯಮದ ಅಕ್ಷರಗಳು ಹಾಗೆಯೇ ಇರುವುದರಿಂದ ಹಳೆಯ ಅರ್ಥಕ್ಕೆ ಮರಳುವುದು ಕಷ್ಟವೂ ಅಲ್ಲ. ಆದರೆ ಬಹುಮತದಲ್ಲಿರುವವರಿಗೆ ತಮ್ಮ ಕೈಯನ್ನು ತಾವೇ ಕಟ್ಟಿಕೊಳ್ಳಲು ಕಾರಣವಿರುವುದಿಲ್ಲ. 2017 ಮತ್ತು 2019ರ ಬದಲಾವಣೆಗಳನ್ನು ಡೆಮಾಕ್ರಟರು ಕಟುವಾಗಿ ವಿರೋಧಿಸಿದ್ದರು. 2021ರಲ್ಲಿ ಬಹುಮತ ಸಿಕ್ಕಾಗ ಒಂದನ್ನೂ ರದ್ದು ಮಾಡಲಿಲ್ಲ. ಜಿಲ್ಲಾ ನ್ಯಾಯಾಧೀಶರಿಗೆ ಆ ಎರಡು ಗಂಟೆಯ ಮಿತಿಯನ್ನೇ ಬಳಸಿ, ಬೈಡನ್ ಅವರ ನಾಲ್ಕು ವರ್ಷದಲ್ಲಿ 235 ಕೇಂದ್ರ ನ್ಯಾಯಾಧೀಶರಿಗೆ ಒಪ್ಪಿಗೆ ಕೊಟ್ಟರು. ಬಹುಮತ ಬೇಕೆಂದಾಗ ಬದಲಿಸುವುದಾದರೆ ನಿಯಮವೇ ಇಲ್ಲದಂತೆ ಎಂಬುದು 2013ರಲ್ಲಿ ಲೆವಿನ್ ಸ್ವಪಕ್ಷದ ವಿರುದ್ಧ ನಿಂತು ಆಡಿದ ಮಾತಿನ ತಿರುಳು. ಅವರ ಎಚ್ಚರಿಕೆ ನಿಜವಾಯಿತು ಎಂದೇ ನಾನು ಭಾವಿಸುತ್ತೇನೆ.

ಮಸೂದೆಗಳಿಗೆ 60 ಇನ್ನೂ ಉಳಿದಿದೆ. ಅದನ್ನು ಮುಟ್ಟುವ ಪ್ರಯತ್ನ 2022ರ ಜನವರಿ 19ರಂದು ನಡೆಯಿತು. ಮತದಾನದ ಹಕ್ಕುಗಳ ಮಸೂದೆಗಾಗಿ ಡೆಮಾಕ್ರಟ್ ನಾಯಕ ಚಕ್ ಶೂಮರ್ ಅದೇ ದಾರಿಯಲ್ಲಿ ಹೊರಟರು: ಕ್ರಿಯಾಲೋಪ, ಪೀಠದ ನಿರಾಕರಣೆ, ಮೇಲ್ಮನವಿ. ಅವರದೇ ಪಕ್ಷದ ಸೆನೆಟರುಗಳಾದ ಮ್ಯಾಂಚಿನ್ ಮತ್ತು ಕಿರ್ಸ್ಟನ್ ಸಿನೆಮಾ ಜತೆಗೆ ಬರಲಿಲ್ಲ. ಆ ದಿನದ ದಾಖಲೆಯನ್ನೂ ತೆಗೆದು ನೋಡಿ. ಪರ 52, ವಿರುದ್ಧ 48 ಎಂದಿರುತ್ತದೆ. ಅಂದರೆ ಪೀಠದ ರೂಲಿಂಗ್ ನಿಂತಿತು, ಶೂಮರ್ ಸೋತರು.